ಲ್ಯಾಪ್‌ಟಾಪ್ ಏಳದಿದ್ದ ಎರಡು ದಿನ

ಬೆಳಿಗ್ಗೆ ಐದೂವರೆಗೆ ಎದ್ದು ಒಂದು ಪುಟವಾದರೂ ಟೈಪ್ ಮಾಡದಿದ್ದರೆ ಅಪ್ಪನಿಗೆ ಕಾಫಿ ಸೇರುವುದಿಲ್ಲ. ಅರಸೀಕೆರೆಯ ಮನೆಯಲ್ಲೂ ಹಾಗೆ, ತಿರುವನಂತಪುರದ ನಮ್ಮ ಬಾಡಿಗೆ ಫ್ಲ್ಯಾಟಿಗೆ ಬಂದಾಗಲೂ ಹಾಗೆ. ಕಳೆದ ಅಕ್ಟೋಬರ್‌ನ ಒಂದು ಭಾನುವಾರ ಅದೇ ಹೊತ್ತಿಗೆ ನನ್ನ ಕೋಣೆಯ ಬಾಗಿಲು ತಟ್ಟಿದರು. ಕಂಕುಳಲ್ಲಿ ಲ್ಯಾಪ್‌ಟಾಪ್ ಇತ್ತು.

"ನೋಡಪ್ಪ, ಇದು ಏಳ್ತಾ ಇಲ್ಲ."

ಸಾಫ್ಟ್‌ವೇರ್‌ನವನ ಮನೆಗೆ ಬರುವವರು ಇಂಥ ಮಾತು ಆಡುವುದು ಹೊಸದಲ್ಲ. ನೆಂಟರ ಮದುವೆಯಲ್ಲಿ ಊಟದ ಎಲೆ ಮುಂದೆ ಕೂತಾಗಲೂ ಯಾರಾದರೂ ಪ್ರಿಂಟರ್ ಕೆಟ್ಟಿದ್ದನ್ನು ಹೇಳುತ್ತಾರೆ. ಎಂ.ಟೆಕ್ ಓದಿದ್ದೇನೆಂದು ಒಪ್ಪಿಕೊಂಡ ಮೇಲೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಆದರೆ ಈ ಲ್ಯಾಪ್‌ಟಾಪಿನ ವಿಷಯ ಬೇರೆ. ಅಪ್ಪ ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಆರು ವರ್ಷ ನಮ್ಮ ತಾಲ್ಲೂಕಿನ ಕೆರೆಗಳ ಬೆನ್ನು ಹತ್ತಿದ್ದಾರೆ. ಯಾವ ಕೆರೆಗೆ ಎಷ್ಟು ತೂಬು, ಕೋಡಿ ಬಿದ್ದರೆ ನೀರು ಮುಂದೆ ಯಾವ ಕೆರೆಗೆ ಹೋಗುತ್ತಿತ್ತು, ಸರದಿಯಂತೆ ಗದ್ದೆಗೆ ನೀರು ಬಿಡುತ್ತಿದ್ದ ನೀರುಗಂಟಿ ಯಾರು, ಅವನಿಗೆ ಸುಗ್ಗಿಯಲ್ಲಿ ಎಷ್ಟು ಸೇರು ಕೊಡುತ್ತಿದ್ದರು, ಹೀಗೆ ಊರೂರಿನ ಮುದುಕರನ್ನು ಕೂರಿಸಿಕೊಂಡು ಕೇಳಿ, ರೆಕಾರ್ಡ್ ಮಾಡಿ, ಆಮೇಲೆ ನುಡಿಯಲ್ಲಿ ಟೈಪ್ ಮಾಡಿದ್ದಾರೆ. ಹೀಗೆ ಮಾತಾಡಿದವರಲ್ಲಿ ಕೆಲವರು ಈಗ ಇಲ್ಲ. ಎಲ್ಲವೂ ಇದ್ದದ್ದು ಆ ಒಂದು ಯಂತ್ರದಲ್ಲಿ. ಬ್ಯಾಕಪ್ ಇತ್ತೇ? ಇರಲಿಲ್ಲ. ಮಗ ಇಲ್ಲಿ ಟೆಕ್ನೋಪಾರ್ಕ್‌ನಲ್ಲಿ ಕೂತು ಬೇರೆಯವರ ಡೇಟಾಬೇಸಿಗೆ ದಿನಕ್ಕೆ ಮೂರು ಸಲ ಬ್ಯಾಕಪ್ ಇಡುತ್ತಾನೆ. ಅಪ್ಪನ ಕೆರೆಗಳಿಗೆ ಒಂದು ಪೆನ್‌ಡ್ರೈವ್ ಕೊಡಿಸುವುದು ಅವನಿಗೆ ನೆನಪಾಗಿರಲಿಲ್ಲ.

ಯಂತ್ರ ಸತ್ತಿರಲಿಲ್ಲ ಎನ್ನುವುದು ಮೊದಲ ಸಮಾಧಾನ. ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಕಂಪನಿಯ ಲಾಂಛನ ಬರುತ್ತಿತ್ತು. ಅದರ ಕೆಳಗೆ ಚುಕ್ಕಿಗಳು ಗಾಣದೆತ್ತಿನಂತೆ ಸುತ್ತುತ್ತಿದ್ದವು. ಒಂದೆರಡು ನಿಮಿಷ ಸುತ್ತಿ, ಪರದೆ ಕಪ್ಪಾಗಿ, ಮತ್ತೆ ಮೊದಲಿನಿಂದ ಶುರು.

ನಿಮ್ಮ ಮನೆಯಲ್ಲಿ ಇಂಥದ್ದು ಆದಾಗ ಮೊದಲು ನೋಡಬೇಕಾದದ್ದು ಇದನ್ನೇ: ಎಲ್ಲಿಯವರೆಗೆ ಬಂದು ನಿಂತಿತು? ಗುಂಡಿ ಒತ್ತಿದಾಗ ವಿಂಡೋಸ್ ನೇರವಾಗಿ ಎದ್ದು ಬರುವುದಿಲ್ಲ. ಮದರ್‌ಬೋರ್ಡಿನ ಮೇಲಿರುವ ಫರ್ಮ್‌ವೇರ್ ಎಂಬ ಸಣ್ಣ ಪ್ರೋಗ್ರಾಂ ಮೊದಲು ಎಚ್ಚರಾಗುತ್ತದೆ. ನಾವೆಲ್ಲ ಹಳೇ ರೂಢಿಯಲ್ಲಿ ಬಯಾಸ್ ಎನ್ನುವುದು ಇದನ್ನೇ. ಅದು ಮೆಮೊರಿ ಇದೆಯೇ, ಪರದೆ ಇದೆಯೇ, ಕೀಬೋರ್ಡ್ ಇದೆಯೇ ಎಂದು ಹಾಜರಿ ತೆಗೆದುಕೊಳ್ಳುತ್ತದೆ. ಆಮೇಲೆ ಡಿಸ್ಕಿನ ಒಂದು ಮೂಲೆಯಲ್ಲಿರುವ ಬೂಟ್ ಲೋಡರ್‌ಗೆ ಕೆಲಸ ಒಪ್ಪಿಸುತ್ತದೆ. ಅದು ವಿಂಡೋಸಿನ ತಿರುಳನ್ನು ಮೆಮೊರಿಗೆ ತರುತ್ತದೆ. ತಿರುಳು ಡ್ರೈವರುಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. ಕೊನೆಗೆ ನಿಮ್ಮ ಹೆಸರಿನ ಪರದೆ. ದೀಪವೇ ಹತ್ತದಿದ್ದರೆ ಚಾರ್ಜರ್, ಸಾಕೆಟ್, ಬ್ಯಾಟರಿ ನೋಡಿ. ಫ್ಯಾನ್ ತಿರುಗಿ ಪರದೆ ಕಪ್ಪಗಿದ್ದರೆ ಕತ್ತಲಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಅಕ್ಷರ ಕಂಡರೆ ಕಂಪ್ಯೂಟರ್ ಎದ್ದಿದೆ, ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿದೆ. ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿದರೂ ಗೊತ್ತಾಗುತ್ತದೆ. ಬೀಪ್ ಬೀಪ್ ಎಂದರೆ ಹೆಚ್ಚಿನ ಸಲ ಮೆಮೊರಿಯ ಪಟ್ಟಿ ಸಡಿಲವಾಗಿರುತ್ತದೆ. ಸಮುದ್ರದ ಪಕ್ಕದ ನಮ್ಮಂಥ ಊರಿನಲ್ಲಿ ಉಪ್ಪುಗಾಳಿಗೆ ಅದರ ಹಲ್ಲುಗಳು ಮಾಸುವುದೂ ಉಂಟು. ಬೂಟ್ ಆಗುವ ಡಿಸ್ಕೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಬಂದರೆ ಮಾತ್ರ ಎದೆ ಸ್ವಲ್ಪ ಗಟ್ಟಿ ಮಾಡಿಕೊಳ್ಳಿ.

ನಮ್ಮದು ಲಾಂಛನ ದಾಟಿ ಚುಕ್ಕಿಗಳವರೆಗೆ ಬರುತ್ತಿತ್ತು. ಅಂದರೆ ಹಾಜರಿ ಮುಗಿದಿದೆ, ಡಿಸ್ಕ್ ಕಾಣುತ್ತಿದೆ, ವಿಂಡೋಸ್ ಎದ್ದು ನಾಲ್ಕು ಹೆಜ್ಜೆ ಹಾಕಿ ಮುಗ್ಗರಿಸುತ್ತಿದೆ. ಮೌಸ್, ಪೆನ್‌ಡ್ರೈವ್, ಚಾರ್ಜರ್ ಎಲ್ಲ ಕಿತ್ತು ಪವರ್ ಗುಂಡಿಯನ್ನು ಮೂವತ್ತು ಸೆಕೆಂಡ್ ಒತ್ತಿ ಹಿಡಿದೆ. ಇದು ಮಂತ್ರವಲ್ಲ. ಚಾರ್ಜಿಂಗ್, ಫ್ಯಾನ್, ಕೀಬೋರ್ಡ್ ನೋಡಿಕೊಳ್ಳುವ ಪುಟ್ಟ ಚಿಪ್ಪೊಂದು ಕೆಲವೊಮ್ಮೆ ಗೊಂದಲದಲ್ಲಿ ಸಿಕ್ಕಿಕೊಂಡಿರುತ್ತದೆ, ಉಳಿದ ಕರೆಂಟ್ ಪೂರ್ತಿ ಇಳಿದರೆ ಅದು ಹೊಸದಾಗಿ ಶುರುವಾಗುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಎದ್ದದ್ದನ್ನು ಕಂಡಿದ್ದೇನೆ. ಇದು ಏಳಲಿಲ್ಲ.

"ರಾತ್ರಿ ಏನಾದರೂ ಆಯ್ತಾ ಅಪ್ಪ?"

"ಏನೂ ಇಲ್ಲ. ಮಲಗೋಣ ಅಂತ ಆಫ್ ಮಾಡಿದೆ. ಅದೇನೋ ಪರ್ಸೆಂಟೇಜು ತೋರಿಸ್ತಾ ಇತ್ತು. ಅಷ್ಟರಲ್ಲಿ ಸಿಡಿಲು ಹೊಡೆದು ಕರೆಂಟ್ ಹೋಯ್ತು."

"ಬ್ಯಾಟರಿ?"

"ಅದು ಹೋಗಿ ವರ್ಷ ಆಯ್ತಲ್ಲ. ಕರೆಂಟಲ್ಲೇ ನಡೆಯುತ್ತೆ ಅಂತ ಬಿಟ್ಟಿದ್ದೆ."

ಅರ್ಧ ಕಥೆ ಅಲ್ಲೇ ಸಿಕ್ಕಿತು. ಈ ಊರಿಗೆ ಎರಡು ಮಳೆಗಾಲ. ಜೂನಿನ ಮಳೆ ಒಂದೇ ಸಮನೆ ಸುರಿಯುವ ಸಭ್ಯಸ್ಥ ಮಳೆ. ತುಲಾ ಮಾಸದ್ದು ಹಾಗಲ್ಲ. ಮಧ್ಯಾಹ್ನದವರೆಗೆ ಬಿಸಿಲು ಕಾದು, ಸಂಜೆ ಆಕಾಶ ಹರಿದುಕೊಂಡಂತೆ ಗುಡುಗು ಸಿಡಿಲು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಎಂದರೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇದ್ದಂತೆ. ವಿಂಡೋಸ್ ತನ್ನ ಹಳೆಯ ಫೈಲುಗಳನ್ನು ತೆಗೆದು ಹೊಸತನ್ನು ಜೋಡಿಸುತ್ತಿದ್ದ ಹೊತ್ತಿನಲ್ಲೇ ಕರೆಂಟ್ ಹೋಗಿದೆ. ಗಾರೆಯವನು ಹಳೇ ತೊಲೆ ಇಳಿಸಿ, ಹೊಸದನ್ನು ಏರಿಸುವ ಮೊದಲೇ ಕೆಲಸ ಬಿಟ್ಟು ಹೋದಂತೆ.

ಎರಡು ಮೂರು ಸಲ ಏಳಲಾಗದೆ ಸೋತಾಗ ವಿಂಡೋಸ್ ತಾನೇ ಒಂದು ನೀಲಿ ಪರದೆ ತೆರೆದು ರಿಪೇರಿಯ ದಾರಿಗಳನ್ನು ತೋರಿಸುತ್ತದೆ. ಸ್ಟಾರ್ಟಪ್ ರಿಪೇರ್ ಒತ್ತಿದೆ. ಹತ್ತು ನಿಮಿಷ ಯೋಚಿಸಿ, ನನ್ನಿಂದ ಆಗದು ಎಂದಿತು. ಆ ಪರದೆಯಲ್ಲೇ ಇನ್ನೊಂದು ಆಯ್ಕೆ ಇದೆ: ಈ ಪಿಸಿಯನ್ನು ರಿಸೆಟ್ ಮಾಡಿ, ನಿಮ್ಮ ಫೈಲುಗಳನ್ನು ಉಳಿಸಿಕೊಳ್ಳುತ್ತೇವೆ. ಅಪ್ಪನ ಬೆರಳು ಆ ಕಡೆಗೇ ಹೋಯಿತು. "ಉಳಿಸ್ಕೊಳ್ತೀನಿ ಅಂತ ಅದೇ ಹೇಳ್ತಿದೆಯಲ್ಲೋ."

ಹೇಳುವುದು ಸುಳ್ಳಲ್ಲ. ಆದರೆ ಅದು ಮುಗಿಯಲು ಬಹಳ ಹೊತ್ತು ಬೇಕು, ಬ್ಯಾಟರಿ ಇಲ್ಲ, ಸಂಜೆಯಾದರೆ ಮತ್ತೆ ಸಿಡಿಲು. ಮಧ್ಯದಲ್ಲಿ ಇನ್ನೊಮ್ಮೆ ಕರೆಂಟ್ ಹೋದರೆ ಏನು ಉಳಿಯುತ್ತದೋ ಹೇಳುವವರಿಲ್ಲ. ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿರುವ ದಾವಣಗೆರೆಯ ಗೆಳೆಯನಿಗೆ ಫೋನ್ ಮಾಡಿದೆ. ಅವನು ನಿದ್ದೆಗಣ್ಣಲ್ಲೇ, "ರಿಸೆಟ್ ಮುಟ್ಟಬೇಡ ಮಾರಾಯ, ಮೊದಲು ಮಾಲು ಹೊರಗೆ ತಗಿ" ಎಂದು ಮತ್ತೆ ಮಲಗಿದ.

ಅಪ್ಪನಿಗೆ ಇದನ್ನು ಒಪ್ಪಿಸಲು ನನಗೆ ಸಹಾಯಕ್ಕೆ ಬಂದದ್ದು ಹಿಂದಿನ ದಿನ ಅವರೇ ಹೇಳಿದ್ದ ಒಂದು ಕಥೆ.

ನಾವಿರುವುದು ತುಂಬದ ಹತ್ತಿರ. ನಮ್ಮ ಕನ್ನಡದ ತುಂಬೆ ಹೂವೇ ಮಲಯಾಳದ ತುಂಬ. ಓಣಂ ಹೂವಿನ ರಂಗೋಲಿಗೆ ಅದು ಬೇಕು, ನಮಗೆ ಶಿವನ ಪೂಜೆಗೆ ಬೇಕು. ಅಪ್ಪ ಬಂದಾಗಲೆಲ್ಲ ಬಸ್ಸಿನ ಬೋರ್ಡ್ ಓದಿ "ತುಂಬ ಅಂದರೆ ಎಷ್ಟು ತುಂಬ?" ಎಂದು ಒಂದು ಹಳೇ ಜೋಕ್ ಹೊಡೆಯುತ್ತಾರೆ. ಭೂಮಿಯ ಕಾಂತೀಯ ಸಮಭಾಜಕ ಈ ಮೀನುಗಾರರ ಹಳ್ಳಿಯ ಸನಿಹದಲ್ಲೇ ಹಾದುಹೋಗುತ್ತದೆ ಎಂಬ ಕಾರಣಕ್ಕೆ ವಿಕ್ರಂ ಸಾರಾಭಾಯಿ ಇದನ್ನು ಆರಿಸಿದರು. ಊರಿನವರ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚ್ ಮೊದಲ ಕಾರ್ಯಾಗಾರವಾಯಿತು. 1963ರ ನವೆಂಬರ್ 21ರ ಸಂಜೆ ಅಮೆರಿಕದಿಂದ ಬಂದ ನೈಕ್ ಅಪಾಚೆ ರಾಕೆಟ್, ಫ್ರಾನ್ಸ್‌ನಿಂದ ಬಂದ ಸೋಡಿಯಂ ಆವಿಯ ಉಪಕರಣವನ್ನು ಹೊತ್ತು ಇಲ್ಲಿಂದ ಹಾರಿತು. ಭಾರತದ ನೆಲದಿಂದ ಬಾಹ್ಯಾಕಾಶದ ಕಡೆಗೆ ಹೋದ ಮೊದಲ ರಾಕೆಟ್ ಅದು. ಚರ್ಚ್ ಕಟ್ಟಡ ಈಗ ಬಾಹ್ಯಾಕಾಶ ಮ್ಯೂಸಿಯಂ. ಶನಿವಾರ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ.

ಹೊರಗೆ ಬಂದು ಕೂತಾಗ ಅಪ್ಪ ಅಬ್ದುಲ್ ಕಲಾಂ ಅವರ 'ವಿಂಗ್ಸ್ ಆಫ್ ಫೈರ್' ಪುಸ್ತಕದಲ್ಲಿ ಓದಿದ್ದನ್ನು ಹೇಳಿದರು. ಆ ದಿನ ರಾಕೆಟ್ ಜೋಡಣೆ ಮತ್ತು ಸುರಕ್ಷತೆ ಕಲಾಂ ಅವರ ಹೊಣೆ. ಚರ್ಚ್‌ನಲ್ಲಿ ಜೋಡಿಸಿದ ರಾಕೆಟ್ ಸಾಗಿಸಲು ಇದ್ದದ್ದು ಒಂದು ಟ್ರಕ್, ಕೈಯಲ್ಲಿ ನಡೆಸುವ ಒಂದು ಹೈಡ್ರಾಲಿಕ್ ಕ್ರೇನ್. ಲಾಂಚರ್ ಮೇಲೆ ಇಡಬೇಕು ಎನ್ನುವಾಗ ರಾಕೆಟ್ ವಾಲತೊಡಗಿತು. ಕ್ರೇನಿನಲ್ಲಿ ಎಲ್ಲೋ ಸೋರಿಕೆ. ಉಡಾವಣೆಯ ಹೊತ್ತು ಹತ್ತಿರ ಬಂದಿದೆ, ಕ್ರೇನ್ ರಿಪೇರಿಗೆ ಸಮಯವಿಲ್ಲ. ಇದ್ದವರೆಲ್ಲ ಸೇರಿ ಕೈಯಲ್ಲೇ ರಾಕೆಟ್ ಎತ್ತಿ ಕೂರಿಸಿದರು.

"ಅಪ್ಪ, ಈಗ ಇದು ಕ್ರೇನು" ಎಂದು ಲ್ಯಾಪ್‌ಟಾಪ್ ತೋರಿಸಿದೆ. "ಒಳಗಿರೋ ಕೆರೆಗಳು ರಾಕೆಟ್ಟು."

ಅವರು ಬೆರಳು ಹಿಂದಕ್ಕೆ ತೆಗೆದುಕೊಂಡರು.

ಕೆಟ್ಟ ಲ್ಯಾಪ್‌ಟಾಪಿನಿಂದ ಫೈಲು ತೆಗೆಯಲು ಸುಲಭದ ದಾರಿ, ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್. ಡಿಸ್ಕಿನಲ್ಲಿರುವ ವಿಂಡೋಸನ್ನು ಎಬ್ಬಿಸದೆ, ಹೊರಗಿನಿಂದ ಬಂದ ವ್ಯವಸ್ಥೆಯನ್ನು ಮೆಮೊರಿಯಲ್ಲಿ ಎಬ್ಬಿಸಿ, ಡಿಸ್ಕನ್ನು ಬರೀ ಕಪಾಟಿನಂತೆ ತೆರೆದು ನೋಡುವುದು. ನನ್ನ ಹತ್ತಿರ ಅಂಥ ಪೆನ್‌ಡ್ರೈವ್ ಇರಲಿಲ್ಲ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಮಾಡೋಣವೆಂದರೆ ಅದರ ಯುಎಸ್‌ಬಿ ಕಿಂಡಿಗೆ ಕಂಪನಿ ಬೀಗ ಹಾಕಿದೆ. ಹಾಲು ತರಲು ಹೋದ ಹೆಂಡತಿ ಎದುರು ಫ್ಲ್ಯಾಟಿನ ಚೇಚಿಗೆ ಸುದ್ದಿ ಮುಟ್ಟಿಸಿದ್ದಳು. ಕಾಲು ಗಂಟೆಯಲ್ಲಿ ಅವರ ಮಗಳು ಬಾಗಿಲಲ್ಲಿ ನಿಂತಿದ್ದಳು. ಒಂಬತ್ತನೇ ಕ್ಲಾಸು, ಸರ್ಕಾರಿ ಶಾಲೆ.

"ಅಂಕಲ್, ಲೈವ್ ಇಟ್ಟು ನೋಕ್ಕಿಯೋ?"

ಲೈವ್ ಹಾಕಿ ನೋಡಿದಿರಾ ಎಂದು. ಅವಳ ಕೈಯಲ್ಲಿ, ಶಾಲೆಯ ಬ್ಯಾಡ್ಜಿನ ದಾರಕ್ಕೆ ಕಟ್ಟಿದ ಪೆನ್‌ಡ್ರೈವ್. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್ ಪಾಠವೆಲ್ಲ ಲಿನಕ್ಸ್‌ನಲ್ಲೇ. ಮೊದಲು ಐಟಿ ಅಟ್ ಸ್ಕೂಲ್ ಎನ್ನುತ್ತಿದ್ದ ಯೋಜನೆ ಈಗ ಕೈಟ್ ಎಂಬ ಸಂಸ್ಥೆಯಾಗಿದೆ. ಅದು ಉಬುಂಟುವಿನ ಮೇಲೆ ತನ್ನದೇ ಆವೃತ್ತಿ ಕಟ್ಟಿ ಶಾಲೆಗಳಿಗೆ ಕೊಡುತ್ತದೆ. 2018ರಿಂದ ಹೈಸ್ಕೂಲುಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ಮಕ್ಕಳ ಕ್ಲಬ್ಬುಗಳೂ ಇವೆ. ಈ ಹುಡುಗಿ ಅದರ ಸದಸ್ಯೆ. ನಮ್ಮ ಕಡೆ ಎನ್‌ಸಿಸಿ ಹುಡುಗರು ಪರೇಡಿನ ಬಗ್ಗೆ ಮಾತಾಡುವ ಗತ್ತಿನಲ್ಲಿ ಇವಳು ಇನ್‌ಸ್ಟಾಲೇಷನ್ ಬಗ್ಗೆ ಮಾತಾಡುತ್ತಾಳೆ. ನನಗೆ ಸ್ವಲ್ಪ ಹೊಟ್ಟೆಯುರಿಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಆ ಹೊಟ್ಟೆಯುರಿಯಲ್ಲೇ ನಾನೊಂದು ತಪ್ಪು ಮಾಡಿದೆ. ಲಿನಕ್ಸ್ ಏಳಬೇಕಾದರೆ ಸೆಕ್ಯೂರ್ ಬೂಟ್ ಆಫ್ ಇರಬೇಕು ಎಂಬ ಹತ್ತು ವರ್ಷ ಹಿಂದಿನ ಜ್ಞಾನ ತಲೆಯಲ್ಲಿತ್ತು. ಅವಳು ಬಾಯಿ ತೆರೆಯುವ ಮೊದಲೇ ಬಯಾಸ್‌ಗೆ ಹೋಗಿ ಅದನ್ನು ಆಫ್ ಮಾಡಿದೆ. ಈಗಿನ ಉಬುಂಟುವಿಗೆ ಇದು ಬೇಕಿಲ್ಲ, ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿದರೆ ಸಾಕು. ಲಿನಕ್ಸ್ ಚೆನ್ನಾಗಿಯೇ ಎದ್ದಿತು. ಡಿಸ್ಕ್ ಕಂಡಿತು. ಅದರ ಮೇಲೊಂದು ಬೀಗದ ಚಿತ್ರ. ತೆರೆಯಲು ಹೋದರೆ ಕೀಲಿ ಕೊಡಿ ಎಂದಿತು. ಗಾಬರಿಯಾಗಿ ವಿಂಡೋಸ್ ಕಡೆ ಹೋದರೆ ಅಲ್ಲಿ ಹೊಸ ನೀಲಿ ಪರದೆ: ಬಿಟ್‌ಲಾಕರ್, 48 ಅಂಕಿಗಳ ರಿಕವರಿ ಕೀಲಿ ನಮೂದಿಸಿ.

ಅಪ್ಪ ಎಂದೂ ಯಾವ ಬೀಗವನ್ನೂ ಹಾಕಿದವರಲ್ಲ. ಹಾಕಿದ್ದು ವಿಂಡೋಸ್. ಹೊಸ ವಿಂಡೋಸ್ 11 ಅನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹಾಕಿದರೆ, ಯಂತ್ರ ಅದಕ್ಕೆ ತಕ್ಕದ್ದಾಗಿದ್ದರೆ, ಅದು ನಿಮ್ಮನ್ನು ಕೇಳದೆ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಾಗಿ ಮಾಡಿಬಿಡುತ್ತದೆ. ಕೀಲಿ ಮದರ್‌ಬೋರ್ಡಿನ ಟಿಪಿಎಂ ಎಂಬ ಚಿಪ್ಪಿನ ಕಾವಲಿನಲ್ಲಿರುತ್ತದೆ. ಎಲ್ಲ ಮೊದಲಿನಂತಿದ್ದರೆ ಚಿಪ್ಪು ಸದ್ದಿಲ್ಲದೆ ಬಾಗಿಲು ತೆರೆಯುತ್ತದೆ, ಒಳಗೆ ಬೀಗ ಇದೆ ಎಂದೇ ನಿಮಗೆ ತಿಳಿಯುವುದಿಲ್ಲ. ನಾನು ಸೆಕ್ಯೂರ್ ಬೂಟ್ ತೆಗೆದದ್ದು ಚಿಪ್ಪಿಗೆ ಕಳ್ಳ ಬಂದಂತೆ ಕಂಡಿತು. ಅದನ್ನು ಮತ್ತೆ ಆನ್ ಮಾಡಿದ ಮೇಲೆ ನೀಲಿ ಪರದೆ ಹೋಗಿ ಹಳೆಯ ಚುಕ್ಕಿಗಳ ಸುತ್ತಾಟ ಮರಳಿತು. ಆದರೆ ಹೊರಗಿನಿಂದ ಬಂದ ಲಿನಕ್ಸಿಗೆ ಕೀಲಿ ಬೇಕೇ ಬೇಕು. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ಬೇಕು. ಮದರ್‌ಬೋರ್ಡ್ ಸುಟ್ಟುಹೋದರಂತೂ ಆ 48 ಅಂಕಿ ಬಿಟ್ಟರೆ ಬೇರೆ ದಾರಿಯಿಲ್ಲ. ಕಳ್ಳನ ಕೈಗೆ ಲ್ಯಾಪ್‌ಟಾಪ್ ಸಿಕ್ಕಾಗ ಇದು ವರ. ಸಿಡಿಲು ಹೊಡೆದ ಮನೆಯಲ್ಲಿ?

2024ರ ಜುಲೈ 19 ನೆನಪಿದೆಯೇ? ವಿಮಾನ ನಿಲ್ದಾಣಗಳ ಪರದೆಗಳೆಲ್ಲ ನೀಲಿಯಾಗಿ, ನಮ್ಮ ದೇಶದಲ್ಲೂ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟ ದಿನ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಫೈಲು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಹೊರಟಿತು. ಅದನ್ನು ಹಿಂಪಡೆದದ್ದು 78 ನಿಮಿಷಕ್ಕೆ. ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದಿದ್ದವು. ಸರಿಪಡಿಸಿದ ಫೈಲು ಸಿದ್ಧವಿದ್ದರೂ ಅದನ್ನು ಇಳಿಸಿಕೊಳ್ಳಲು ಯಂತ್ರ ಮೊದಲು ಏಳಬೇಕಲ್ಲ? ಹಾಗಾಗಿ ಒಂದೊಂದು ಯಂತ್ರದ ಮುಂದೆ ಮನುಷ್ಯ ಕೂತು, ಸೇಫ್ ಮೋಡ್‌ಗೆ ಹೋಗಿ, ಒಂದೇ ಒಂದು ಫೈಲನ್ನು ಅಳಿಸಬೇಕಾಯಿತು. ಕೆಲಸ ಐದು ನಿಮಿಷದ್ದು. ಅದಕ್ಕೂ ಮೊದಲು ಬಿಟ್‌ಲಾಕರ್ ಇದ್ದ ಯಂತ್ರಗಳಲ್ಲಿ ಅದೇ 48 ಅಂಕಿ ಬೇಕಾಗಿತ್ತು. ಎಷ್ಟೋ ಕಡೆ ದಿನಗಟ್ಟಲೆ ಹಿಡಿದದ್ದು ಕೀಲಿ ಹುಡುಕಲು.

ನಾನೂ ಈಗ ಆ ಸಾಲಿನಲ್ಲಿ ನಿಂತಿದ್ದೆ. ಮನೆಬಳಕೆಯ ಯಂತ್ರದ ಕೀಲಿ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಬೇರೆ ಫೋನಿನಿಂದ ಆ ಖಾತೆಗೆ ಹೋದರೆ ಸಿಗುತ್ತದೆ.

"ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ಯಾವುದು ಅಪ್ಪ?"

"ನನಗೆಲ್ಲಿಯ ಅಕೌಂಟು? ಬೆಳಿಗ್ಗೆ ನಾಲ್ಕು ನಂಬರ್ ಒತ್ತಿದರೆ ತೆರೆಯುತ್ತೆ, ಅಷ್ಟೆ." ಸ್ವಲ್ಪ ಹೊತ್ತು ಬಿಟ್ಟು, "ಹೋದ ವರ್ಷ ಸ್ಲೋ ಆಗಿದೆ ಅಂತ ಅಂಗಡಿಗೆ ಕೊಟ್ಟಿದ್ದೆ. ಅಲ್ಲಿಯ ಹುಡುಗ ಏನೋ ಹೊಸದು ಹಾಕಿ ಕೊಟ್ಟ. ಏನು ಮಾಡಿದೆ ಬರೆದುಕೊಡಪ್ಪ ಅಂತ ಡೈರಿಯಲ್ಲಿ ಬರೆಸಿಕೊಂಡಿದ್ದೆ" ಎಂದರು.

ಮೇಷ್ಟ್ರುಗಳ ಡೈರಿಗೆ ದೊಡ್ಡ ನಮಸ್ಕಾರ. ಡೈರಿ ಅರಸೀಕೆರೆಯ ಮನೆಯ ಗಾಡ್ರೆಜ್ ಬೀರುವಿನಲ್ಲಿತ್ತು. ಅಮ್ಮನಿಗೆ ಫೋನ್. ಮೊದಲು ಹಾಲಿನ ಲೆಕ್ಕದ ಪುಟ ಸಿಕ್ಕಿತು, ಆಮೇಲೆ ಎಲ್‌ಐಸಿ ಕಂತು, ಆಮೇಲೆ ಹೆಸರು ಬರೆಯದ ಯಾವುದೋ ಒಂದು ಫೋನ್ ನಂಬರು (ಅದು ಯಾರದು ಎಂದು ಅಮ್ಮ ಪ್ರತ್ಯೇಕವಾಗಿ ವಿಚಾರಿಸಿದಳು). ಕೊನೆಗೆ ಇ-ಮೇಲ್ ಪುಟ. ಅಮ್ಮ ಒಂದೊಂದೇ ಅಕ್ಷರ ಓದಿದಳು. "ಆಮೇಲೆ ಒಂದು ಸುರುಳಿ ಇದೆ ಕಣೋ, ಜಿಲೇಬಿ ಥರ."

"ಅದು ಅಟ್ ಅಮ್ಮ. ಮುಂದೆ ಹೇಳು."

ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಖಾತೆ ತೆರೆಯಿತು. ಕೀಲಿ ತೋರಿಸುವ ಮುನ್ನ ಅದು ಕೇಳಿತು: ಕೊನೆಯಲ್ಲಿ ಇಂಥ ಎರಡು ಅಂಕಿ ಇರುವ ಫೋನಿಗೆ ಒಂದು ಕೋಡ್ ಕಳಿಸಲೇ? ಆ ಎರಡು ಅಂಕಿ ಅಪ್ಪನ ನಂಬರಿನವಲ್ಲ, ಅಮ್ಮನದೂ ಅಲ್ಲ, ನನ್ನದೂ ಅಲ್ಲ. ಅಂಗಡಿಯ ಹುಡುಗ ಖಾತೆ ಮಾಡುವಾಗ ಓಟಿಪಿ ಬೇಗ ಬರಲೆಂದು ತನ್ನ ಫೋನ್ ನಂಬರನ್ನೇ ಕೊಟ್ಟುಬಿಟ್ಟಿದ್ದ. ಕೆಟ್ಟ ಬುದ್ಧಿಯಿಂದಲ್ಲ, ಎದುರಿಗೆ ಗಿರಾಕಿಗಳ ಸಾಲು ಇದ್ದಿರಬೇಕು. ಆದರೆ ಆರು ವರ್ಷದ ಕೆರೆಗಳ ಬೀಗದ ಕೈ ಈಗ ಹೆಸರು ಗೊತ್ತಿಲ್ಲದ ಒಬ್ಬ ಹುಡುಗನ ಜೇಬಿನಲ್ಲಿತ್ತು. ಭಾನುವಾರ, ಅಂಗಡಿಗೆ ಬಾಗಿಲು.

ಆ ರಾತ್ರಿ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಮತ್ತೆ ಸಿಡಿಲು, ಮತ್ತೆ ಕರೆಂಟ್ ಹೋಯಿತು. ಕತ್ತಲಲ್ಲಿ ಬಾಲ್ಕನಿಯಲ್ಲಿ ಕೂತು ಒಬ್ಬ ನೀರುಗಂಟಿಯ ಹೆಸರು ಹೇಳಿ, "ಅವನು ಹೇಳಿದ್ದು ನನಗೆ ಎಷ್ಟು ನೆನಪಿದೆ ನೋಡೋಣ" ಎಂದು ಶುರು ಮಾಡಿದರು. ತೂಬಿನ ಕಲ್ಲಿನ ಮೇಲೆ ಮೂರು ಗೆರೆ, ಮೊದಲ ಗೆರೆವರೆಗೆ ನೀರಿದ್ದರೆ ಭತ್ತ, ಎರಡನೆಯದಕ್ಕೆ ಇಳಿದರೆ ರಾಗಿ. ಮೂರನೆಯ ಗೆರೆಯಲ್ಲಿ ನಿಂತುಬಿಟ್ಟರು. "ಮೂರನೇದಕ್ಕೆ ಏನಂದ ಅಂತ ಬರ್ತಾ ಇಲ್ಲ" ಎಂದರು. ನಾನೇನೂ ಹೇಳಲಿಲ್ಲ.

ಸೋಮವಾರ ರಜೆ ಹಾಕಿದೆ. ಬೆಳಿಗ್ಗೆ ಅಂಗಡಿಯವರು ಹೇಳಿದ್ದು, ಆ ಹುಡುಗ ಕೆಲಸ ಬಿಟ್ಟು ಆರು ತಿಂಗಳಾಯಿತು, ಬೆಂಗಳೂರಿನಲ್ಲಿ ಎಲ್ಲೋ ಇದ್ದಾನೆ. ನಂಬರ್ ಕೊಟ್ಟರು. ಕೊನೆಯ ಎರಡು ಅಂಕಿ ನೋಡಿದೆ. ಹೊಂದಿತು. ಮೂರು ಸಲ ರಿಂಗಾಗಿ ನಿಂತಿತು. ಮಧ್ಯಾಹ್ನ ಅವನೇ ಫೋನ್ ಮಾಡಿದ. ನಾನು ವಿಷಯ ಹೇಳಿ ಕೋಡ್ ಕೇಳಿದರೆ, "ಸಾರ್, ಓಟಿಪಿ ಯಾರಿಗೂ ಹೇಳಬಾರದು ಅಂತಾರಲ್ಲ" ಎಂದ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಅಪ್ಪ ಫೋನ್ ತೆಗೆದುಕೊಂಡು, "ನಾನಪ್ಪ, ಕೆರೆ ಮೇಷ್ಟ್ರು" ಎಂದರು. "ಓ, ಸಾರ್, ನೀವಾ!" ಎಂದು ಕೋಡ್ ಹೇಳಿದ. ಆ ನಂಬರನ್ನು ಅವನು ಈ ಆರು ತಿಂಗಳಲ್ಲಿ ಬದಲಿಸಿದ್ದರೆ ಏನಾಗುತ್ತಿತ್ತು ಎಂದು ಆ ಹೊತ್ತಿನಲ್ಲಿ ಯೋಚಿಸಲಿಲ್ಲ. ಈಗಲೂ ಯೋಚಿಸುವುದಿಲ್ಲ.

ಸಂಜೆ ಶಾಲೆ ಮುಗಿಸಿ ಹುಡುಗಿ ಬಂದಳು. ನನ್ನ ಫೋನಿನಲ್ಲಿದ್ದ ಕೀಲಿಯನ್ನು ನಾನು ಓದುವುದು, ಅವಳು ಟೈಪ್ ಮಾಡುವುದು ಎಂದಾಯಿತು. ಕೀಲಿ ಎಂದರೆ ಆರಾರು ಅಂಕಿಗಳ ಎಂಟು ಗುಂಪು. ಇದರಲ್ಲೊಂದು ಸೊಗಸಾದ ಏರ್ಪಾಡಿದೆ: ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಒಂದು ಅಂಕಿ ತಪ್ಪಾದರೂ ಆ ಗುಂಪಿನಲ್ಲೇ ಸಿಕ್ಕಿಬೀಳಲಿ ಎಂದು. ಇದನ್ನು ಹೇಳಿದ್ದೇ ತಡ, ಎರಡು ದಿನದಿಂದ ಬಾಡಿದ್ದ ಅಪ್ಪನ ಮುಖ ಅರಳಿತು. "ಹನ್ನೊಂದರ ಭಾಗಾಕಾರವಾ? ಒಂದು ಬಿಟ್ಟು ಒಂದು ಅಂಕಿ ಕೂಡಿದರೆ ಆಯ್ತು" ಎಂದು ಪೇಪರ್ ಎಳೆದುಕೊಂಡರು. ಎಂಟನೇ ಕ್ಲಾಸಿನಲ್ಲಿ ನೀವೂ ಮಾಡಿದ್ದೀರಿ. ಉದಾಹರಣೆಗೆ 385715 ಎಂಬ ಗುಂಪು ಇದ್ದರೆ (ನಮ್ಮ ಕೀಲಿಯದ್ದಲ್ಲ), 3, 5, 1 ಕೂಡಿದರೆ 9. 8, 7, 5 ಕೂಡಿದರೆ 20. ವ್ಯತ್ಯಾಸ 11. ವ್ಯತ್ಯಾಸ ಸೊನ್ನೆಯೋ 11ರ ಗುಣಕವೋ ಆದರೆ ಗುಂಪು ಸರಿ. ನಾನು ಮಲಯಾಳದಲ್ಲಿ ಓದುವುದು, ಹುಡುಗಿ ಒತ್ತುವುದು, ಅಪ್ಪ ಕನ್ನಡದಲ್ಲಿ ಕೂಡಿ "ಪಾಸು" ಎನ್ನುವುದು. ಐದನೆಯ ಗುಂಪಿಗೆ ಬಂದಾಗ, "ಇಲ್ಲ, ಭಾಗ ಹೋಗಲ್ಲ. ಮತ್ತೆ ಓದು" ಎಂದರು. ಮತ್ತೆ ನೋಡಿದರೆ 6 ಇದ್ದಲ್ಲಿ 8 ಓದಿದ್ದೆ. ಹುಡುಗಿ, "ಅಪ್ಪೂಪ್ಪನ್ ಸೂಪರ್" ಎಂದಳು. ಅಜ್ಜನಿಗೆ ಇಲ್ಲಿ ಹಾಗೆನ್ನುತ್ತಾರೆ.

ಬೀಗ ತೆರೆಯಿತು. ಫೋಲ್ಡರುಗಳು ಒಂದೊಂದಾಗಿ ಕಂಡವು. ಆದರೆ ಅಪ್ಪ ಮೊದಲ ಫೈಲು ತೆರೆಸಿ ನೋಡಿದವರೇ ಕುರ್ಚಿಗೆ ಒರಗಿದರು. ಪುಟದ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಕೊಂಬು, ಮಧ್ಯೆ ಪೌಂಡ್ ಚಿಹ್ನೆ. ಒಂದು ಕನ್ನಡ ಅಕ್ಷರವೂ ಇಲ್ಲ. "ಎಲ್ಲಾ ಹೋಯ್ತಲ್ಲೋ."

ಹೋಗಿರಲಿಲ್ಲ. ಹಳೆಯ ನುಡಿಯ ಆಸ್ಕಿ ಬರಹ ಒಳಗೆ ಇಂಗ್ಲಿಷ್ ಸಂಕೇತಗಳಾಗಿಯೇ ಕೂತಿರುತ್ತದೆ. ನುಡಿ ಫಾಂಟು ಇದ್ದ ಕಡೆ ಮಾತ್ರ ಅದು ಕನ್ನಡದ ವೇಷ ತೊಡುತ್ತದೆ. ಆ ಲಿನಕ್ಸಿನಲ್ಲಿ ಫಾಂಟು ಇರಲಿಲ್ಲ, ಅಷ್ಟೆ. ಡಿಸ್ಕಿನಲ್ಲೇ ಇದ್ದ ಫಾಂಟನ್ನು ಎತ್ತಿ ಹಾಕಿದ ಮೇಲೆ ಕೆರೆಗಳು ಕನ್ನಡಕ್ಕೆ ಮರಳಿದವು. ನಿಮ್ಮ ಮನೆಯ ಹಿರಿಯರು ಇನ್ನೂ ಆಸ್ಕಿಯಲ್ಲಿ ಬರೆಯುತ್ತಿದ್ದರೆ ಯೂನಿಕೋಡಿಗೆ ಬದಲಿಸಿಕೊಡಿ, ಪರಿವರ್ತಕಗಳು ಬೇಕಾದಷ್ಟಿವೆ. ಇಲ್ಲದಿದ್ದರೆ ಮುಂದೊಂದು ದಿನ ಫೈಲು ಇದ್ದೂ ಓದಲು ಬರುವುದಿಲ್ಲ.

ಬರಹ, ಫೋಟೊ, ಮುದುಕರ ದನಿ ಎಲ್ಲ ಸೇರಿ ಒಂದು ಹಾರ್ಡ್ ಡಿಸ್ಕಿಗೂ ನನ್ನ ಲ್ಯಾಪ್‌ಟಾಪಿಗೂ ನಕಲಾಗಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಉಳಿದದ್ದು ಕ್ರೇನು. ಆ ನೀಲಿ ರಿಪೇರಿ ಪರದೆಯಲ್ಲೇ, ಟ್ರಬಲ್‌ಶೂಟ್ ಒಳಗೆ, ಕೊನೆಯ ಅಪ್‌ಡೇಟನ್ನು ತೆಗೆದುಹಾಕುವ ಆಯ್ಕೆ ಇದೆ. ಕೀಲಿ ಕೇಳಿತು, ಈಗ ಕೊಟ್ಟೆವು. ಹದಿನೈದು ನಿಮಿಷದಲ್ಲಿ ಲ್ಯಾಪ್‌ಟಾಪ್ ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ಕೂತು ಅಪ್ಪನ ನಾಲ್ಕಂಕಿಯ ಪಿನ್ ಕೇಳಿತು. ಮೊದಲೇ ಇದನ್ನು ಮಾಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೇಳಲಿ. ಕೆಡದೆ ಇದ್ದದ್ದು ನಮ್ಮ ಅದೃಷ್ಟ ಎಂದು ಆಮೇಲೆ ತಿಳಿಯುವುದು ಬೇರೆ, ಮೊದಲೇ ಅದನ್ನು ನಂಬಿ ಕೈ ಹಾಕುವುದು ಬೇರೆ.

ಮುಂದಿನ ವಾರ ಆಫೀಸ್ ಕೆಲಸಕ್ಕೆ ಕೊಚ್ಚಿಗೆ ಹೋದಾಗ ಮರೀನ್ ಡ್ರೈವಿನ ಪೆಂಟಾ ಮೇನಕದಲ್ಲಿ ಹೊಸ ಬ್ಯಾಟರಿ ಹಾಕಿಸಿದೆ. ಹಳೆಯದು ಒಳಗೆ ಸಣ್ಣಗೆ ಉಬ್ಬಿತ್ತು. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಾಗ ಅಲುಗಾಡಿದರೆ, ಚಾರ್ಜ್ ಮಾಡುವುದನ್ನು ಅಂದೇ ನಿಲ್ಲಿಸಿ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ, ಬೆಂಕಿ ಹತ್ತಬಹುದು.

ಖಾತೆಯ ಫೋನ್ ನಂಬರ್ ಈಗ ಅಪ್ಪನದು. 48 ಅಂಕಿಗಳನ್ನು ಅವರು ಡೈರಿಯಲ್ಲಿ ಬರೆದು, ಪ್ರತಿ ಗುಂಪಿನ ಪಕ್ಕ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದಾರೆ. ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತುವ ಹಿಂದಿನ ಬೆಳಿಗ್ಗೆ ಐದೂವರೆಗೆ ಟೈಪಿಂಗ್ ಸದ್ದು ಕೇಳಿ ಎದ್ದು ಹೋದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆ ನೀರುಗಂಟಿಯ ರೆಕಾರ್ಡಿಂಗ್ ಕೇಳುತ್ತಿದ್ದರು. ನನ್ನನ್ನು ಕಂಡು ಒಂದು ಕಡೆಯ ಇಯರ್‌ಫೋನ್ ತೆಗೆದು ಕೊಟ್ಟರು.

"ಕೇಳು. ಮೂರನೇ ಗೆರೆಗೆ ಇಳಿದರೆ ತೂಬು ಮುಚ್ಚಿಬಿಡೋದಂತೆ. ಉಳಿದದ್ದು ದನಕರುಗಳಿಗೆ."